ನಿಸ್ತಂತು ದೂರವಾಣಿಯ ಸ್ಥಳಪರೀಕ್ಷೆ

ಮನೆಯನ್ನು ಕಟ್ಟುವುದಕ್ಕೆ ಮೊದಲು ನೆಲವನ್ನು ಪರೀಕ್ಷಿಸತಕ್ಕದ್ದೆಂಬ ವಿಧಿಯು ಈ ದೇಶದ ವಾಸ್ತುಗ್ರಂಥಗಳಲ್ಲಿ ಕಂಡುಬರುತ್ತದೆ. ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯದಲ್ಲಿ, ಒಂದು ಹಸ್ತಪ್ರಮಾಣದ ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನು ಮರಳಿ ಅದರಲ್ಲಿಯೇ ತುಂಬಿ, ಮಣ್ಣು ಮಿಕ್ಕರೆ ನೆಲವು ಉತ್ತಮ, ಸರಿಹೋದರೆ ಮಧ್ಯಮ, ಸಾಲದಿದ್ದರೆ ಅಧಮವೆಂದು ತಿಳಿಯಬೇಕೆನ್ನುತ್ತಾನೆ. ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ಹೋಗಿ ಬಂದು ನೋಡುವ ಇನ್ನೊಂದು ಪರೀಕ್ಷೆಯನ್ನೂ ಹೇಳುತ್ತಾನೆ. ಇವುಗಳ ಫಲವನ್ನು ಇಂದಿನ ಎಂಜಿನಿಯರು ಒಪ್ಪುವನೋ ಬಿಡುವನೋ ಅದು ಬೇರೆಯ ವಿಚಾರ. ಗಮನಿಸತಕ್ಕ ಅಂಶವೇನೆಂದರೆ, ನೆಲದ ಗುಣವನ್ನು ನೋಟಮಾತ್ರದಿಂದ ಊಹಿಸದೆ, ಆ ನೆಲದಲ್ಲಿಯೇ ಒಂದು ಕಾರ್ಯವನ್ನು ನಡೆಯಿಸಿ, ಅಳೆದು, ಅನಂತರ ನಿರ್ಣಯಿಸಬೇಕೆಂಬುದು. ಕಚೇರಿ, ಆಸ್ಪತ್ರೆ, ಕಾರ್ಖಾನೆಗಳಲ್ಲಿ ನಿಸ್ತಂತು ದೂರವಾಣಿಯನ್ನು ಸ್ಥಾಪಿಸುವವರಿಗೆ ವಿಹಿತವಾದ ಸ್ಥಳಪರೀಕ್ಷೆಯೂ ಇದೇ ಜಾತಿಯದು. ಅದರ ಸ್ವರೂಪವನ್ನೂ, ಅದನ್ನು ಬಿಟ್ಟರೆ ಬರುವ ಹಾನಿಯನ್ನೂ ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

ನಿಸ್ತಂತು ಎಂಬ ಮಾತಿನ ವಿಷಯದಲ್ಲಿ ಮೊದಲು ಒಂದು ಎಚ್ಚರಿಕೆ ಬೇಕು. ಕಚೇರಿಯ ದೂರವಾಣಿಯಲ್ಲಿ ತಂತಿಯು ಇಲ್ಲವಾಗುವುದಿಲ್ಲ. ಮೇಜಿನಿಂದ ಎದ್ದು ಚಾವಣಿಯ ಕೆಳಕ್ಕೆ ಹೋಗುತ್ತದೆ, ಅಷ್ಟೆ. ಮಾತನಾಡುವವನ ಕೈಯಲ್ಲಿರುವ ಹ್ಯಾಂಡ್‌ಸೆಟ್ಟಿಗೆ ತಂತಿಯಿಲ್ಲ. ಆದರೆ ಅದರೊಡನೆ ರೇಡಿಯೋ ಅಲೆಗಳ ಮೂಲಕ ಸಂಭಾಷಿಸುವ ಚಿಕ್ಕ ಪೆಟ್ಟಿಗೆಗಳು ಕಟ್ಟಡದಲ್ಲಿ ಅಲ್ಲಲ್ಲಿ ಗೋಡೆಗೆ ತಗುಲಿಸಲ್ಪಟ್ಟಿರುತ್ತವೆ. ಇವಕ್ಕೆ ಬೇಸ್ ಸ್ಟೇಷನ್ ಎಂದು ಹೆಸರು, ರೂಢಿಯಲ್ಲಿ ಬೇಸು. ಪ್ರತಿಯೊಂದು ಬೇಸಿಗೂ ಕಚೇರಿಯ ಎಕ್ಸ್‌ಚೇಂಜಿನಿಂದ ತಂತಿಯನ್ನು ಎಳೆಯಲೇಬೇಕು. ಈಗಿನ ಪದ್ಧತಿಯಂತೆ ಅದು ಗಣಕಯಂತ್ರಗಳ ಈಥರ್‌ನೆಟ್ ತಂತಿಯೇ ಆಗಿದ್ದರೆ ಅದರ ಉದ್ದವು ೧೦೦ ಮೀಟರನ್ನು ಮೀರಕೂಡದು. ಆದಕಾರಣ ಅಲೆಗೆ ಒಪ್ಪುವ ಜಾಗವೆಲ್ಲ ತಂತಿಗೆ ಒಪ್ಪುವುದಿಲ್ಲ, ತಂತಿಗೆ ಒಪ್ಪುವ ಜಾಗವೆಲ್ಲ ಅಲೆಗೆ ಒಪ್ಪುವುದಿಲ್ಲ. ಎರಡಕ್ಕೂ ಒಪ್ಪುವ ಜಾಗಗಳನ್ನು ಕಂಡುಹಿಡಿದು, ಅವು ಎಷ್ಟು ಬೇಕೆಂಬುದನ್ನು ಗೊತ್ತುಮಾಡುವ ಕಾರ್ಯಕ್ಕೆ ಸ್ಥಳಪರೀಕ್ಷೆಯೆಂದು ಹೆಸರು.

ಈ ಬಗೆಯ ದೂರವಾಣಿಗಳಲ್ಲಿ ಪ್ರಸಿದ್ಧವಾದುದು ಡೆಕ್ಟ್ ಎಂಬ ಪದ್ಧತಿ. ಯುರೋಪಿನ ದೂರಸಂಪರ್ಕ ಪ್ರಮಾಣಸಂಸ್ಥೆಯಾದ ಎಟ್ಸಿಯು ೧೯೯೨ರಲ್ಲಿ ಇದರ ಲಕ್ಷಣಗ್ರಂಥವನ್ನು ಪ್ರಕಟಿಸಿತು. ಹೆಸರಿನ ನಡುವಣ ಅಕ್ಷರವು ಮೊದಲು ಯುರೋಪನ್ನು ಸೂಚಿಸುತ್ತಿದ್ದು, ಪದ್ಧತಿಯು ಇತರ ಖಂಡಗಳಿಗೂ ಹರಡಿದ ಮೇಲೆ ‘ಎನ್‌ಹ್ಯಾನ್ಸ್ಡ್’ ಎಂಬ ಬೇರೊಂದು ಮಾತಿಗೆ ಸಲ್ಲುವಂತಾಯಿತು. ಶಬ್ದವು ನಿಂತು ಅರ್ಥವು ಬದಲಾಗುವುದಕ್ಕೆ ಇದೊಂದು ಒಳ್ಳೆಯ ಉದಾಹರಣೆ. ಯುರೋಪಿನಲ್ಲಿ ಇದಕ್ಕೆ ೧೮೮೦ರಿಂದ ೧೯೦೦ ಮೆಗಾಹರ್ಟ್ಸ್‌ವರೆಗಿನ ಪಟ್ಟಿಯು ಕೊಡಲ್ಪಟ್ಟಿದೆ. ಅದರಲ್ಲಿ ಹತ್ತು ವಾಹಕಗಳುಂಟು. ಪ್ರತಿಯೊಂದು ವಾಹಕದ ಕಾಲವನ್ನೂ ಸೆಕೆಂಡಿನ ನೂರನೆಯ ಒಂದು ಭಾಗದ ಚೌಕಟ್ಟುಗಳನ್ನಾಗಿ ವಿಭಾಗಿಸಿ, ಒಂದೊಂದು ಚೌಕಟ್ಟನ್ನೂ ೨೪ ತುಂಡುಗಳಾಗಿ ಒಡೆದಿದೆ. ಮೊದಲ ೧೨ ತುಂಡುಗಳಲ್ಲಿ ಬೇಸು ನುಡಿಯುತ್ತದೆ, ಉಳಿದ ೧೨ರಲ್ಲಿ ಹ್ಯಾಂಡ್‌ಸೆಟ್ಟುಗಳು ಉತ್ತರಿಸುತ್ತವೆ. ಅಷ್ಟಾವಧಾನಿಯು ಪೃಚ್ಛಕರೊಬ್ಬೊಬ್ಬರಿಗೂ ಸರದಿಯ ಮೇಲೆ ಉತ್ತರಕೊಡುತ್ತ, ಪ್ರತಿಯೊಬ್ಬನಿಗೂ ತನ್ನೊಬ್ಬನೊಡನೆಯೇ ಮಾತನಾಡುತ್ತಿರುವಂತೆ ತೋರಿಸುವ ಹಾಗೆ, ಒಂದು ಬೇಸು ಹನ್ನೆರಡು ಸಂಭಾಷಣೆಗಳನ್ನು ಎಡೆಬಿಡದೆ ನಡೆಯಿಸಬಲ್ಲದು. ಹ್ಯಾಂಡ್‌ಸೆಟ್ಟು ನುಡಿಯುವಾಗ ೨೫೦ ಮಿಲಿವಾಟ್ ಶಕ್ತಿಯನ್ನು ಹೊರಸೂಸಿದರೂ, ಇಪ್ಪತ್ತನಾಲ್ಕರಲ್ಲಿ ಒಂದು ಭಾಗ ಮಾತ್ರ ನುಡಿಯುವುದರಿಂದ ಅದರ ಸರಾಸರಿ ಶಕ್ತಿಯು ಸುಮಾರು ೧೦ ಮಿಲಿವಾಟ್ ಆಗುವುದು. ಭಾರತದಲ್ಲಿಯೂ ಈ ಪದ್ಧತಿಗೆ ಒಂದು ಚರಿತ್ರೆಯುಂಟು: ಮದರಾಸಿನ ಐ.ಐ.ಟಿ.ಯ ಟೆನೆಟ್ ಮಂಡಲಿಯವರು ೧೯೯೦ರ ದಶಕದಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡು, ಊರುಮನೆಗಳಿಗೆ ತಂತಿಯೆಳೆಯದೆ ದೂರವಾಣಿ ಕೊಡುವ ಕಾರ್‌ಡೆಕ್ಟ್ ಎಂಬ ವ್ಯವಸ್ಥೆಯನ್ನು ರಚಿಸಿದರು.

ಒಂದು ಬೇಸಿನ ಅಲೆಯು ಎಷ್ಟು ದೂರ ಹೋಗುತ್ತದೆ? ತಯಾರಕರ ಕೈಪಿಡಿಯು ಬಯಲಿನಲ್ಲಿ ೩೦೦ ಮೀಟರು, ಕಟ್ಟಡದೊಳಗೆ ೩೦ರಿಂದ ೫೦ ಮೀಟರು ಎಂದು ಹೇಳುವುದು ವಾಡಿಕೆ. ಸ್ಥಾಪಕನು ಕಟ್ಟಡದ ನಕ್ಷೆಯನ್ನು ಮುಂದಿಟ್ಟುಕೊಂಡು, ಕೈವಾರದಿಂದ ಮೂವತ್ತು ಮೀಟರಿನ ವೃತ್ತಗಳನ್ನು ಎಳೆದು, ಇಷ್ಟು ಬೇಸುಗಳು ಸಾಕೆಂದು ಬರೆದುಕೊಡುವುದೂ ಉಂಟು. ಇದರಲ್ಲಿರುವ ದೋಷವನ್ನು ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಹೇಳಿದರೆ ಸ್ಪಷ್ಟವಾಗುವುದು. ಕೈಪಿಡಿಯ ಮಾತು ಶಬ್ದಪ್ರಮಾಣ. ನಕ್ಷೆಯಿಂದ ಮಾಡಿದ ನಿರ್ಣಯ ಅನುಮಾನ. ಹಿಂದೆ ಕೆಲಸಮಾಡಿದ ಕಟ್ಟಡದಂತೆಯೇ ಇದೂ ಇದೆಯೆಂಬುದು ಉಪಮಾನಕ್ಕೆ ಹತ್ತಿರವಾದುದು. ಅಳೆದು ಕಂಡದ್ದು ಮಾತ್ರ ಪ್ರತ್ಯಕ್ಷ. ಇವುಗಳಲ್ಲಿ ಅನುಮಾನವು ಕೆಡುವುದು ಎಲ್ಲಿ? ‘ಎಲ್ಲೆಲ್ಲಿ ಮೂವತ್ತು ಮೀಟರಿನೊಳಗಣ ಸಾಮೀಪ್ಯವೋ ಅಲ್ಲಲ್ಲಿ ಸಂಕೇತವುಂಟು’ ಎಂಬುದು ಆ ಅನುಮಾನದ ವ್ಯಾಪ್ತಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂಬ ವ್ಯಾಪ್ತಿಯು ಹಸಿಯ ಸೌದೆಯ ಸಂಬಂಧವೆಂಬ ಉಪಾಧಿಯಿಂದ ದುಷ್ಟವಾಗುವಂತೆ, ಈ ವ್ಯಾಪ್ತಿಯೂ ನಡುವೆ ತಡೆಯಿಲ್ಲದಿರುವಿಕೆಯೆಂಬ ಉಪಾಧಿಯಿಂದ ದುಷ್ಟವಾಗಿದೆ. ಆ ಉಪಾಧಿಯು ನಕ್ಷೆಯಲ್ಲಿ ಕಾಣಿಸುವುದಿಲ್ಲ. ನಕ್ಷೆಯು ಗೋಡೆಯಿದೆಯೆಂದು ಹೇಳುತ್ತದೆಯೇ ಹೊರತು ಅದರೊಳಗೆ ಕಬ್ಬಿಣವಿದೆಯೇ, ಅದಕ್ಕೆ ಒರಗಿಸಿ ಉಕ್ಕಿನ ಬೀರುಗಳನ್ನಿಟ್ಟಿದೆಯೇ ಎಂದು ಹೇಳುವುದಿಲ್ಲ. ದೂರವಾಣಿಯವರೂ ಅಲೆಯು ಮುಟ್ಟುವ ಪ್ರದೇಶವನ್ನು ಕನ್ನಡದಲ್ಲಿ ವ್ಯಾಪ್ತಿಯೆಂದೇ ಕರೆಯುತ್ತಾರೆಂಬುದು ಒಂದು ವಿನೋದ. ಅವರ ವ್ಯಾಪ್ತಿಯು ತಾರ್ಕಿಕರ ವ್ಯಾಪ್ತಿಯನ್ನು ಅವಲಂಬಿಸಿದಾಗಲೆಲ್ಲ ಕೆಟ್ಟುಹೋಗುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕವು ಅವಶ್ಯ. ರೇಡಿಯೋ ಶಕ್ತಿಯನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಹತ್ತು ಡೆಸಿಬೆಲ್ ಇಳಿದರೆ ಶಕ್ತಿಯು ಹತ್ತರಲ್ಲೊಂದು ಪಾಲಾಯಿತೆಂದೂ, ಮೂರು ಇಳಿದರೆ ಸುಮಾರು ಅರ್ಧವಾಯಿತೆಂದೂ ತಿಳಿಯತಕ್ಕದ್ದು. ಒಂದು ಮಿಲಿವಾಟನ್ನು ಸೊನ್ನೆಯಾಗಿಟ್ಟುಕೊಂಡು ಎಣಿಸಿದಾಗ ಆ ಮಾನಕ್ಕೆ ಡಿಬಿಎಂ ಎಂದು ಹೆಸರು. ಬೇಸು ಹೊರಸೂಸುವ ೨೫೦ ಮಿಲಿವಾಟೆಂದರೆ ೨೪ ಡಿಬಿಎಂ. ಸ್ಥಳಪರೀಕ್ಷಕರು ಒಳ್ಳೆಯ ಮಾತಿಗೆ ಎಲ್ಲೆಯೆಂದು ಇಟ್ಟುಕೊಳ್ಳುವುದು ಸಾಮಾನ್ಯವಾಗಿ −೭೦ ಡಿಬಿಎಂ ಆಸುಪಾಸು. ಎಂದರೆ ಒಂದು ಮಿಲಿವಾಟಿನ ಕೋಟಿಯಲ್ಲೊಂದು ಪಾಲು. ಇವೆರಡರ ನಡುವೆ ೯೪ ಡೆಸಿಬೆಲ್‌ಗಳ ಅಂತರವಿದೆ. ಕೇಳುವುದಕ್ಕೆ ಇದು ಅಪಾರವಾದ ಐಶ್ವರ್ಯದಂತೆ ತೋರುತ್ತದೆ. ಆದರೆ ಇದರ ಖರ್ಚು ಹೇಗೆಂಬುದನ್ನು ನೋಡಬೇಕು. ತಡೆಯಿಲ್ಲದ ಆಕಾಶದಲ್ಲಿಯೇ ಮೊದಲ ಒಂದು ಮೀಟರಿನಲ್ಲಿ ೩೮ ಡೆಸಿಬೆಲ್ ಕಳೆದುಹೋಗುವುದು. ಆಮೇಲೆ ದೂರವು ಇಮ್ಮಡಿಸಿದಾಗಲೆಲ್ಲ ೬ ಡೆಸಿಬೆಲ್, ಹತ್ತು ಮಡಿಯಾದಾಗಲೆಲ್ಲ ೨೦. ಈ ಪ್ರಕಾರ ಮೂವತ್ತು ಮೀಟರಿನಲ್ಲಿ ಸಂಕೇತವು ಸುಮಾರು −೪೪ ಡಿಬಿಎಂಗೆ ಇಳಿದಿರುವುದು. ಗೋಡೆಗಳಿಗೂ ಮಾಳಿಗೆಗಳಿಗೂ ಮಾತನಾಡುವವನ ಮೈಗೂ ಸೇರಿ ಉಳಿದದ್ದು ೨೬ ಡೆಸಿಬೆಲ್ ಮಾತ್ರ.

ಗೋಡೆಗಳಾದರೋ ಒಂದೇ ಸ್ವಭಾವದವಲ್ಲ. ಜಿಪ್ಸಂ ಹಲಗೆಯ ತೆಳುಗೋಡೆಯು ಸುಮಾರು ೩ ಡೆಸಿಬೆಲ್ ತೆಗೆದುಕೊಳ್ಳುವುದು. ಸಾಧಾರಣ ಇಟ್ಟಿಗೆಗೋಡೆಯು ಆರೇಳು, ಕಾಂಕ್ರೀಟು ಗೋಡೆಯು ಹತ್ತು ಹದಿನೈದು, ಉಕ್ಕಿನ ಸರಳು ಹೊಕ್ಕ ಮಾಳಿಗೆಯು ಹದಿನೈದರಿಂದ ಇಪ್ಪತ್ತು. ಸೆಕೆಯನ್ನು ತಡೆಯುವುದಕ್ಕಾಗಿ ಲೋಹದ ತೆಳುಲೇಪವನ್ನು ಕೊಟ್ಟ ಈಗಿನ ಕಿಟಕಿಗಾಜು ಕಣ್ಣಿಗೆ ಪಾರದರ್ಶಕವಾಗಿದ್ದೂ ಇಪ್ಪತ್ತು ಮೂವತ್ತು ಡೆಸಿಬೆಲ್ಲನ್ನು ನುಂಗಬಲ್ಲುದು. ಕಣ್ಣನ್ನು ನಂಬಿದ ಪರೀಕ್ಷಕನು ಮೊದಲು ಮೋಸಹೋಗುವುದು ಇಲ್ಲಿಯೇ. ಲಿಫ್ಟಿನ ಪೆಟ್ಟಿಗೆಯಂತೂ ಲೋಹದ ಗುಹೆ. ಈ ಅಂಕಿಗಳೆಲ್ಲ ಸ್ಥೂಲವಾದವು, ದಪ್ಪ ತೇವಗಳಿಗನುಸಾರವಾಗಿ ವ್ಯತ್ಯಾಸಹೊಂದತಕ್ಕವು. ನೀರು ಹೀರಿದ ಗೋಡೆಯು ಒಣಗೋಡೆಗಿಂತ ಹೆಚ್ಚನ್ನು ತಿನ್ನುವುದರಿಂದ, ಕರಾವಳಿಯ ಕೆಂಪುಕಲ್ಲಿನ ಕಟ್ಟಡವನ್ನು ಚೈತ್ರಮಾಸದಲ್ಲಿ ಅಳೆದವನು ಶ್ರಾವಣದ ಲೆಕ್ಕಕ್ಕಾಗಿ ಸ್ವಲ್ಪ ಮೀಸಲಿಡುವುದು ಲೇಸು. ಬೆಂಗಳೂರಿನ ಅಠಾರಾ ಕಚೇರಿಯಂತೆ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಸರ್ಕಾರಿ ಕಟ್ಟಡಗಳ ಗೋಡೆಗಳು ಬಹಳ ದಪ್ಪ. ಆದರೆ ಆ ಕಾಲದ ಮದರಾಸು ತಾರಸಿಯೆಂಬ ಮಾಳಿಗೆಯು ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚುಗಟ್ಟಿ ಸುಣ್ಣದ ಗಾರೆಯಿಂದ ಕೂಡಿಸಿದ್ದು. ಅದರಲ್ಲಿ ಉಕ್ಕಿನ ಬಲೆಯಿಲ್ಲ. ಈಗಿನ ಕಟ್ಟಡಗಳಲ್ಲಿ ಇದಕ್ಕೆ ವಿಪರೀತ: ಗೋಡೆ ತೆಳ್ಳಗೆ, ಮಾಳಿಗೆ ಕಠಿನ. ಆದುದರಿಂದ ಹಳೆಯದರಲ್ಲಿ ಒಂದು ಬೇಸು ಮೇಲಂತಸ್ತಿಗೂ ಕೆಳಅಂತಸ್ತಿಗೂ ಒದಗಿ ಪಕ್ಕದ ಕೊಠಡಿಗೆ ಒದಗದೆ ಇರಬಹುದು. ಹೊಸದರಲ್ಲಿ ಪಕ್ಕದ ನಾಲ್ಕು ಕೊಠಡಿಗಳಿಗೆ ಒದಗಿ ಮೇಲಕ್ಕೆ ಹತ್ತದೆ ಇರಬಹುದು. ಒಂದೇ ವೃತ್ತವನ್ನು ಎರಡಕ್ಕೂ ಎಳೆಯುವವನ ವಿಷಯದಲ್ಲಿ ಹೇಳತಕ್ಕದ್ದೇನು?

ಅಲೆಯ ಪ್ರಸಾರವನ್ನು ನೆನೆದಾಗ ಸಂಸ್ಕೃತಜ್ಞರಿಗೆ ಕದಂಬಮುಕುಲನ್ಯಾಯ, ವೀಚೀತರಂಗನ್ಯಾಯಗಳು ನೆನಪಾಗದೆ ಇರವು. ಬೇಸಿನ ಅಲೆಯು ಕದಂಬದ ಮೊಗ್ಗಿನ ಕೇಸರಗಳಂತೆ ಎಲ್ಲ ದಿಕ್ಕಿಗೂ ಹೊರಡುವುದೆಂದು ಬೋಧಿಸುವುದಕ್ಕೆ ಈ ದೃಷ್ಟಾಂತವು ಬಹಳ ಅನುಕೂಲವಾಗಿದೆ. ಆದರೆ ನೈಯಾಯಿಕರು ಹೇಳಿದ್ದು ಕಿವಿಗೆ ಕೇಳಿಸುವ ಶಬ್ದದ ವಿಷಯವನ್ನು. ಇದನ್ನು ಹಿಡಿದು ನಿಸ್ತಂತುವಿದ್ಯೆಯು ಪ್ರಾಚೀನರಿಗೆ ತಿಳಿದಿತ್ತೆಂದು ಸಾಧಿಸಹೊರಡುವುದು ಆ ಶಾಸ್ತ್ರಕಾರರಿಗೂ ಗೌರವವಲ್ಲ, ಈ ವಿದ್ಯೆಗೂ ಅಲ್ಲ.

ಇನ್ನು ಪರೀಕ್ಷೆಯ ಕ್ರಮ. ಪರೀಕ್ಷಕನ ಸಾಮಗ್ರಿ ಅಲ್ಪವಾದುದು: ಬ್ಯಾಟರಿಯಿಂದ ನಡೆಯುವ ಒಂದು ಪರೀಕ್ಷಾಬೇಸು, ಅದನ್ನು ಎತ್ತರಕ್ಕೆ ನಿಲ್ಲಿಸುವುದಕ್ಕೆ ಒಂದು ಮುಕ್ಕಾಲುಪೀಠ, ಸಂಕೇತದ ಬಲವನ್ನು ಅಂಕಿಯಾಗಿ ತೋರಿಸುವ ಎರಡು ಹ್ಯಾಂಡ್‌ಸೆಟ್ಟುಗಳು, ಅಳತೆಗೆ ಸರಿಯಾದ ನಕ್ಷೆ, ಬಣ್ಣದ ಪೆನ್ಸಿಲುಗಳು. ಅಂಕಿಯನ್ನು ನೋಡಿದರೆ ಸಾಲದು; ಎರಡನೆಯ ಹ್ಯಾಂಡ್‌ಸೆಟ್ಟಿನವನೊಡನೆ ಮಾತನಾಡುತ್ತಲೇ ನಡೆಯಬೇಕು, ಏಕೆಂದರೆ ಅಂಕಿ ಚೆನ್ನಾಗಿದ್ದೂ ಮಾತು ಒಡೆಯುವ ಸ್ಥಳಗಳುಂಟು.

ಅನುಭವವಿಲ್ಲದವನು ಕಟ್ಟಡದ ನಡುವೆ ಬೇಸನ್ನಿಟ್ಟು ಹೊರಕ್ಕೆ ನಡೆಯುತ್ತಾನೆ. ಬಲ್ಲವನು ಮೂಲೆಯಿಂದ ತೊಡಗುತ್ತಾನೆ. ಇದರ ತತ್ತ್ವವು ಸ್ವಾರಸ್ಯವಾದುದು. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ಅಲೆಯು ದಾರಿಯಲ್ಲಿ ಎಷ್ಟು ಕಳೆದುಕೊಳ್ಳುತ್ತದೆಯೋ, ಅಲ್ಲಿಂದ ಇಲ್ಲಿಗೆ ಬರುವಾಗಲೂ ಅಷ್ಟನ್ನೇ ಕಳೆದುಕೊಳ್ಳುತ್ತದೆ. ಆದುದರಿಂದ ಅತ್ಯಂತ ದೂರದ, ಅತ್ಯಂತ ಕಷ್ಟದ ಮೂಲೆಯಲ್ಲಿ ಪರೀಕ್ಷಾಬೇಸನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಅಲ್ಲಿಂದ ಒಳಮುಖವಾಗಿ ಬೇರೆ ಬೇರೆ ದಾರಿಗಳಲ್ಲಿ ನಡೆದು, ಸಂಕೇತವು −೭೦ಕ್ಕೆ ಇಳಿಯುವ ಬಿಂದುಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿದರೆ, ಒಂದು ವಕ್ರರೇಖೆಯು ದೊರೆಯುತ್ತದೆ. ಆ ರೇಖೆಯೊಳಗೆ ಎಲ್ಲಿ ಬೇಸನ್ನಿಟ್ಟರೂ ಆ ಮೂಲೆಗೆ ಸಂಕೇತವು ತಲಪುವುದೆಂದು ಸಿದ್ಧವಾಯಿತು. ಎದುರು ಮೂಲೆಯಿಂದಲೂ ಹೀಗೆಯೇ ಮಾಡಿದರೆ ಎರಡು ರೇಖೆಗಳೂ ಕೂಡಿ ಆವರಿಸುವ ಪ್ರದೇಶವು ಮೊದಲನೆಯ ಬೇಸಿನ ಸ್ಥಾನ. ಆ ಪ್ರದೇಶದೊಳಗೆ ತಂತಿಯನ್ನು ಎಳೆಯಬಹುದಾದ ಗೋಡೆಯನ್ನು ಹುಡುಕಿ, ಮುಂದೆ ಇರತಕ್ಕ ಎತ್ತರದಲ್ಲಿಯೇ ಪರೀಕ್ಷಾಬೇಸನ್ನು ನಿಲ್ಲಿಸಿ, ಅದರ ಎಲ್ಲೆಯನ್ನು ಪೂರ್ತಿಯಾಗಿ ನಡೆದು ಗುರುತಿಸತಕ್ಕದ್ದು. ಅನಂತರ ಆ ಎಲ್ಲೆಯ ಹೊರಗಣ ಭಾಗಕ್ಕೆ ಇದೇ ಕ್ರಮ. ನಡುವಿನಿಂದ ತೊಡಗಿದವನಿಗೆ ಕೊನೆಯಲ್ಲಿ ಮೂಲೆಗಳು ಮಿಗುತ್ತವೆ. ಒಂದೊಂದು ಮೂಲೆಗೂ ಒಂದೊಂದು ಬೇಸನ್ನು ಕೊಡಬೇಕಾಗಿ ಬಂದು ವೆಚ್ಚವು ಬೆಳೆಯುತ್ತದೆ, ಇಲ್ಲವೆ ಮೂಲೆಗಳು ಮೂಕವಾಗಿಯೇ ಉಳಿಯುತ್ತವೆ.

ಪ್ರತ್ಯಕ್ಷವೂ ಭ್ರಮೆಗೆ ಅವಕಾಶಕೊಡಬಲ್ಲುದೆಂಬುದನ್ನು ಮರೆಯಬಾರದು. ಈ ಅಲೆಯ ಉದ್ದ ಸುಮಾರು ೧೬ ಸೆಂಟಿಮೀಟರು. ಗೋಡೆ ಬೀರುಗಳಿಂದ ಪ್ರತಿಫಲಿಸಿ ಬಂದ ಅಲೆಗಳು ನೇರವಾಗಿ ಬಂದ ಅಲೆಯೊಡನೆ ಕೆಲವೆಡೆ ಕೂಡುತ್ತವೆ, ಕೆಲವೆಡೆ ಪರಸ್ಪರ ಅಳಿಸುತ್ತವೆ. ಆದಕಾರಣ ಒಂದು ಗೇಣು ಈಚೆ ಆಚೆ ಸರಿದರೆ ಅಂಕಿಯು ಹತ್ತಿಪ್ಪತ್ತು ಡೆಸಿಬೆಲ್ ಏರಿಳಿಯುವುದುಂಟು. ನಿಂತ ನಿಲುವಿನಲ್ಲಿ ಒಮ್ಮೆ ನೋಡಿ ಬರೆದುಕೊಂಡ ಅಂಕಿಗೆ ಬೆಲೆಯಿಲ್ಲ. ಹ್ಯಾಂಡ್‌ಸೆಟ್ಟನ್ನು ಕಿವಿಯ ಬಳಿ ಹಿಡಿದು, ಬೇಸಿಗೆ ಬೆನ್ನುಮಾಡಿ, ನಿಧಾನವಾಗಿ ಒಂದು ಸುತ್ತು ತಿರುಗುತ್ತ, ಹೆಚ್ಚು ಸಲ ಕಂಡುಬರುವ ಅಂಕಿಯನ್ನು ಗ್ರಹಿಸಬೇಕು. ಬೆನ್ನುಮಾಡುವುದೇಕೆಂದರೆ, ಮನುಷ್ಯಶರೀರವು ಬಹುಭಾಗ ನೀರಾದುದರಿಂದ ಅದೂ ಒಂದು ಗೋಡೆಯೇ. ಲಕ್ಷಣಗ್ರಂಥವು −೮೩ ಡಿಬಿಎಂನಷ್ಟು ಕ್ಷೀಣವಾದ ಸಂಕೇತವನ್ನೂ ಯಂತ್ರವು ಗ್ರಹಿಸಬೇಕೆಂದು ವಿಧಿಸಿರುವಾಗ ಪರೀಕ್ಷಕರು −೭೦ರಲ್ಲಿಯೇ ಗೆರೆಯೆಳೆಯುವುದು ಅತಿಜಾಗ್ರತೆಯಲ್ಲವೇ ಎಂದು ಹಣಕಾಸಿನವರು ಕೇಳುವುದುಂಟು. ನಡುವಣ ೧೩ ಡೆಸಿಬೆಲ್, ಎಂದರೆ ಇಪ್ಪತ್ತು ಪಟ್ಟಿನ ಮೀಸಲು, ಈ ಏರಿಳಿತಕ್ಕೂ, ತಿರುಗಿ ನಿಂತ ಮೈಗೂ, ನಾಳೆ ಬರುವ ಬೀರುವಿಗೂ ಇಟ್ಟದ್ದು. ಅದನ್ನು ಉಳಿತಾಯವೆಂದು ತಿಳಿದು ಖರ್ಚುಮಾಡಿದರೆ ಕಾಗದದ ಮೇಲೆ ಒಂದೆರಡು ಬೇಸುಗಳು ಕಡಮೆಯಾಗುವುವು.

ಹಾಗೆ ಕಡಮೆಯಾದ ಬೇಸಿನ ಬೆಲೆಯನ್ನು ತೆರುವವರು ಯಾರು? ಮೇಜಿನ ಮುಂದೆ ಕುಳಿತ ಅಧಿಕಾರಿಯಲ್ಲ. ಆತನ ಕೊಠಡಿಯಲ್ಲಿ ಸಂಕೇತವು ಯಾವಾಗಲೂ ಪುಷ್ಟವಾಗಿಯೇ ಇರುತ್ತದೆ, ಏಕೆಂದರೆ ಅಲ್ಲಿ ಅದು ಇಲ್ಲದಿದ್ದರೆ ಆ ದಿನವೇ ದೂರು ಹೋಗುವುದು. ನಡೆದಾಡುತ್ತ ಕೆಲಸಮಾಡುವವರು ಅದನ್ನು ತೆರುತ್ತಾರೆ. ಆಸ್ಪತ್ರೆಯ ದಾದಿಯು ರೋಗಿಯ ಸ್ಥಿತಿಯನ್ನು ವೈದ್ಯನಿಗೆ ಹೇಳುತ್ತ ವಾರ್ಡಿನ ತಿರುವನ್ನು ದಾಟುವಾಗ ಮಾತು ಕತ್ತರಿಸಿಹೋಗುತ್ತದೆ. ರಾತ್ರಿಯ ಕಾವಲುಗಾರನು ನೆಲಮಾಳಿಗೆಯ ಜನರೇಟರು ಕೋಣೆಗೆ ಒಬ್ಬನೇ ಇಳಿಯುತ್ತಾನೆ. ಅಲ್ಲಿ ಕಾಲುಜಾರಿ ಬಿದ್ದರೆ ಅವನಿಗೆ ನೆರವನ್ನು ಕರೆಯುವುದಕ್ಕೆ ಇರುವುದು ಸೊಂಟದಲ್ಲಿ ಸಿಕ್ಕಿಸಿದ ಆ ಒಂದು ಹ್ಯಾಂಡ್‌ಸೆಟ್ಟು. ಆದುದರಿಂದ ಪರೀಕ್ಷಕನು ನಕ್ಷೆಯನ್ನು ಬಿಚ್ಚುವುದಕ್ಕೆ ಮೊದಲು ಜವಾನರನ್ನೂ ದಾದಿಯರನ್ನೂ ಕಾವಲುಗಾರರನ್ನೂ ಕೇಳಿ ತಿಳಿಯತಕ್ಕ ಸಂಗತಿಗಳುಂಟು: ಯಾರು ಎಲ್ಲೆಲ್ಲಿ ನಡೆಯುತ್ತಾರೆ, ಯಾವ ಬಾಗಿಲು ಯಾವ ಹೊತ್ತಿನಲ್ಲಿ ಮುಚ್ಚಿರುತ್ತದೆ, ಮೆಟ್ಟಲಸಾಲನ್ನು ಉಪಯೋಗಿಸುವವರು ಯಾರು, ಹಳೆಯ ಕಡತಗಳ ಕೋಣೆಗೆ ಎಷ್ಟು ಸಲ ಹೋಗಬೇಕಾಗುತ್ತದೆ. ಕಚೇರಿಯ ಮುಖ್ಯಸ್ಥನಿಗೆ ಇವು ತಿಳಿದಿರುವುದು ಅಪೂರ್ವ. ಶೌಚಗೃಹ, ಮೆಟ್ಟಲು, ನೆಲಮಾಳಿಗೆ, ವಾಹನ ನಿಲ್ಲಿಸುವ ಎಡೆ, ಇವು ಪರೀಕ್ಷೆಯಲ್ಲಿ ಬಿಟ್ಟುಹೋಗುವ ಸ್ಥಳಗಳು. ಲಿಫ್ಟಿನೊಳಗೆ ಸಂಕೇತವನ್ನು ಕೊಡಲಾಗದಿದ್ದರೆ ಕೊಡಲಾಗದೆಂದೇ ಬರೆಯಬೇಕು, ಮೌನದಿಂದ ದಾಟಿಸಬಾರದು.

ನಡೆಯುವವನ ಮಾತು ಕಡಿಯದಿರಬೇಕಾದರೆ ಒಂದು ಬೇಸು ಅವನನ್ನು ಇನ್ನೊಂದಕ್ಕೆ ಹಸ್ತಾಂತರಿಸಬೇಕು. ಡೆಕ್ಟಿನಲ್ಲಿ ಈ ಹಸ್ತಾಂತರದ ನಿರ್ಣಯವು ಹ್ಯಾಂಡ್‌ಸೆಟ್ಟಿನದೇ: ಅದು ಸುತ್ತಣ ಬೇಸುಗಳನ್ನು ಸದಾ ಆಲಿಸುತ್ತಿದ್ದು, ಈಗಿನದು ಕ್ಷೀಣಿಸಿ ಬೇರೊಂದು ಪುಷ್ಟವಾಗಿ ತೋರಿದಾಗ, ಹೊಸದರೊಡನೆ ಸಂಬಂಧವನ್ನು ಬೆಳೆಸಿ ಆಮೇಲೆ ಹಳೆಯದನ್ನು ಬಿಡುತ್ತದೆ. ಇದಕ್ಕೆ ಎರಡು ಬೇಸುಗಳ ಎಲ್ಲೆಗಳು ಒಂದರ ಮೇಲೊಂದು ಬೀಳಬೇಕು. ಅವಸರದಿಂದ ನಡೆಯುವವನು ಆ ಸಮಾನಪ್ರದೇಶವನ್ನು ದಾಟುವುದರೊಳಗೆ ಹಸ್ತಾಂತರವು ಮುಗಿಯಬೇಕು. ಉದ್ದನೆಯ ಮೊಗಸಾಲೆಯಲ್ಲಿ ಇದು ಸುಲಭ. ಮೊಗಸಾಲೆಯು ಥಟ್ಟನೆ ತಿರುಗುವಲ್ಲಿ, ಭಾರವಾದ ಬೆಂಕಿತಡೆಬಾಗಿಲು ಹಿಂದೆ ಮುಚ್ಚಿಕೊಳ್ಳುವಲ್ಲಿ, ಸಂಕೇತವು ಒಂದೆರಡು ಹೆಜ್ಜೆಯೊಳಗೆ ಕುಸಿಯುತ್ತದೆ. ಆ ತಿರುವಿನಲ್ಲಿಯೇ ಒಂದು ಬೇಸನ್ನಿಡುವುದು ಇದಕ್ಕೆ ಪರಿಹಾರ.

ಬೇಸುಗಳಿಗೆ ಪರಸ್ಪರ ಕಾಲಸಾಮ್ಯವೂ ಬೇಕು. ಸೆಕೆಂಡಿನ ನೂರನೆಯ ಭಾಗವನ್ನು ಇಪ್ಪತ್ತನಾಲ್ಕಾಗಿ ಒಡೆದಿರುವಾಗ ಎಲ್ಲ ಬೇಸುಗಳ ತಾಳವೂ ಒಂದೇ ಆಗಿರದಿದ್ದರೆ ಹಸ್ತಾಂತರವು ಸಾಧ್ಯವಿಲ್ಲ. ಕೆಲವು ವ್ಯವಸ್ಥೆಗಳಲ್ಲಿ ತಾಳವು ತಂತಿಯ ಮೂಲಕ ಬರುತ್ತದೆ. ಅನೇಕ ವ್ಯವಸ್ಥೆಗಳಲ್ಲಿ ಅದು ಗಾಳಿಯಲ್ಲಿಯೇ: ಒಂದು ಬೇಸು ಪ್ರಧಾನ, ನೆರೆಯವು ಅದನ್ನು ಆಲಿಸಿ ತಾಳವನ್ನು ಹಿಡಿಯುತ್ತವೆ, ಅವುಗಳಿಂದ ಆಚೆಯವು, ಹೀಗೆ ಗುರುಶಿಷ್ಯಪರಂಪರೆಯಂತೆ. ಇಂತಹಲ್ಲಿ ಬೇಸಿನಿಂದ ಹ್ಯಾಂಡ್‌ಸೆಟ್ಟಿಗೆ ಸಂಕೇತವಿದ್ದರೆ ಸಾಲದು, ಬೇಸಿನಿಂದ ಬೇಸಿಗೂ ಇರಬೇಕು. ಪರೀಕ್ಷಕನು ಅದನ್ನು ಬೇರೆಯಾಗಿಯೇ ಅಳೆದು ಬರೆಯಬೇಕು. ಪರಂಪರೆಯು ಉದ್ದವಾದಷ್ಟೂ ದುರ್ಬಲ. ಪ್ರತಿಯೊಂದು ಬೇಸಿಗೂ ಇಬ್ಬರು ಗುರುಗಳಾದರೂ ಕೇಳಿಸುವಂತಿದ್ದರೆ, ಒಂದು ಕೆಟ್ಟಾಗ ಇನ್ನೊಂದರಿಂದ ನಡೆದೀತು. ಹಗಲಿನಲ್ಲಿ ಬಾಗಿಲುಗಳನ್ನು ತೆರೆದಿಟ್ಟುಕೊಂಡು ನಡೆಯಿಸಿದ ಪರೀಕ್ಷೆಯ ಅಪಾಯವು ಇಲ್ಲಿ ಎಲ್ಲಕ್ಕಿಂತ ಹೆಚ್ಚು. ರಾತ್ರಿ ಲೋಹದ ಬಾಗಿಲನ್ನು ಮುಚ್ಚಿದೊಡನೆ ಆಚೆಯ ಬೇಸಿಗೆ ಈಚೆಯದರ ತಾಳವು ಕೇಳಿಸದೆ ಹೋಗಬಹುದು. ಆಗ ಕೆಡುವುದು ಒಂದು ಕೋಣೆಯಲ್ಲ, ಆ ಪಾರ್ಶ್ವವೆಲ್ಲ. ಆದುದರಿಂದ ಪರೀಕ್ಷೆಯ ಕಾಲದಲ್ಲಿ ಮುಚ್ಚಬಹುದಾದ ಬಾಗಿಲನ್ನೆಲ್ಲ ಮುಚ್ಚಿಯೇ ಅಳೆಯತಕ್ಕದ್ದು.

ಅಲೆಯು ಮುಟ್ಟುವುದು ಒಂದು ಪ್ರಶ್ನೆ, ಅವಕಾಶ ಸಾಲುವುದು ಮತ್ತೊಂದು. ಕೋಪನ್‌ಹೇಗನ್ ದೂರವಾಣಿ ಕಂಪೆನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಎರ್ಲಾಂಗನು (೧೮೭೮–೧೯೨೯) ೧೯೧೭ರಲ್ಲಿ ಪ್ರಕಟಿಸಿದ ಸೂತ್ರವೇ ಇಂದಿಗೂ ಇದಕ್ಕೆ ಆಧಾರ. ಮಾತಿನ ಹೊರೆಯ ಮಾನಕ್ಕೂ ಅವನ ಹೆಸರನ್ನೇ ಇಟ್ಟಿದೆ. ಒಂದು ಗಂಟೆಯ ಕಾಲ ಪೂರ್ತಿ ತುಂಬಿದ ಒಂದು ದಾರಿಯು ಒಂದು ಎರ್ಲಾಂಗ್. ಅತಿ ಗದ್ದಲದ ಗಂಟೆಯಲ್ಲಿ ಒಬ್ಬನು ಆರು ನಿಮಿಷ ಮಾತನಾಡಿದರೆ ಅವನ ಹೊರೆ ೦.೧ ಎರ್ಲಾಂಗ್. ನೂರರಲ್ಲಿ ಒಂದು ಕರೆಗಿಂತ ಹೆಚ್ಚು ತಿರಸ್ಕೃತವಾಗಬಾರದೆಂದು ನಿಯಮವಿಟ್ಟುಕೊಂಡರೆ, ೮ ದಾರಿಗಳುಳ್ಳ ಬೇಸು ೩.೧೩ ಎರ್ಲಾಂಗನ್ನೂ ೧೨ ದಾರಿಗಳುಳ್ಳದ್ದು ೫.೮೮ ಎರ್ಲಾಂಗನ್ನೂ ಹೊರುತ್ತವೆ. ಮೊದಲನೆಯದು ಸುಮಾರು ೩೧ ಜನರಿಗೆ, ಎರಡನೆಯದು ೫೮ ಜನರಿಗೆ ಸಾಕು. ದಾರಿಗಳು ಒಂದೂವರೆಪಟ್ಟಾದಾಗ ಜನರು ಇಮ್ಮಡಿಗೆ ಸಮೀಪವಾದರೆಂಬುದನ್ನು ನೋಡತಕ್ಕದ್ದು. ಮಾತಿನ ಸ್ಪಷ್ಟತೆಯನ್ನು ಹೆಚ್ಚಿಸುವ ಅಗಲಪಟ್ಟಿಯ ಕರೆಯಾದರೆ ಅದಕ್ಕೆ ಎರಡು ತುಂಡುಗಳು ಬೇಕಾಗಿ, ಬೇಸಿನ ಶಕ್ತಿಯು ಅರ್ಧವಾಗುವುದು. ಮಾರಾಟಗಾರರ ಪತ್ರಿಕೆಯಲ್ಲಿ ಈ ಎರಡು ಸಂಗತಿಗಳು ಒಂದೇ ಪುಟದಲ್ಲಿ ಅಚ್ಚಾಗಿರುವುದು ಅಪರೂಪ. ಭೋಜನಶಾಲೆ, ಸಭಾಂಗಣ, ಪಾಳಿ ಬದಲಾಯಿಸುವ ಕೋಣೆ, ಇಂತಹ ಕಡೆ ಅಲೆಯು ಎಷ್ಟೇ ಪುಷ್ಟವಾಗಿದ್ದರೂ ಎರಡನೆಯ ಬೇಸು ಬೇಕಾದೀತು.

ನೆರೆಹೊರೆಯನ್ನೂ ಕೇಳಿಸಿಕೊಳ್ಳಬೇಕು. ವೈಫೈ ಯಂತ್ರಗಳು ೨.೪ ಮತ್ತು ೫ ಗಿಗಾಹರ್ಟ್ಸ್ ಪಟ್ಟಿಗಳಲ್ಲಿ ನಡೆಯುವುದರಿಂದ ಅವಕ್ಕೂ ಡೆಕ್ಟಿಗೂ ಜಗಳವಿಲ್ಲ. ಪಕ್ಕದ ಕಚೇರಿಯ ಡೆಕ್ಟ್ ಇದ್ದರೆ ಅದರೊಡನೆ ವಾಹಕಗಳನ್ನು ಹಂಚಿಕೊಳ್ಳಬೇಕಾಗುವುದು. ಹ್ಯಾಂಡ್‌ಸೆಟ್ಟೇ ಬಿಡುವಾದ ದಾರಿಯನ್ನು ಆರಿಸಿಕೊಳ್ಳುವುದರಿಂದ ಸಾಮಾನ್ಯವಾಗಿ ಇದು ನಿಭಾಯಿಸುತ್ತದೆ. ಮೊಬೈಲು ಗೋಪುರಗಳ ೧೮೦೫–೧೮೮೦ ಮೆಗಾಹರ್ಟ್ಸ್ ಪಟ್ಟಿಯು ಡೆಕ್ಟಿನ ಅಂಚಿಗೇ ಬಂದು ತಗಲಿರುವುದರಿಂದ, ಎದುರು ತಾರಸಿಯ ಮೇಲೆ ಗೋಪುರವಿದ್ದರೆ ಆ ಪಕ್ಕದ ಕೊಠಡಿಗಳಲ್ಲಿ ವಿಶೇಷವಾಗಿ ಅಳೆಯಬೇಕು. ಇನ್ನೊಂದು ತೊಡಕು ಪರದೇಶದಿಂದ ಬರುವುದು. ಅಮೆರಿಕಾದಲ್ಲಿ ಡೆಕ್ಟ್ ೬.೦ ಎಂಬ ಹೆಸರಿನಿಂ�� ಮಾರುವ ಯಂತ್ರಗಳು ೧೯೨೦–೧೯೩೦ ಮೆಗಾಹರ್ಟ್ಸ್‌ಗಳಲ್ಲಿ ನುಡಿಯುತ್ತವೆ. ಅದು ಭಾರತವೂ ಯುರೋಪೂ ಮೂರನೆಯ ತಲೆಮಾರಿನ ಮೊಬೈಲು ಸೇವೆಗೆ ಕೊಟ್ಟ ೧೯೨೦–೧೯೮೦ರ ಪಟ್ಟಿಯೊಳಗೆ ಬೀಳುತ್ತದೆ. ಮಗನು ಅಲ್ಲಿಂದ ತಂದುಕೊಟ್ಟನೆಂದು ಅಂತಹ ಯಂತ್ರವನ್ನು ಯಾರಾದರೂ ಕಚೇರಿಯ ಮೇಜಿನ ಮೇಲಿಟ್ಟಿದ್ದರೆ, ಅದನ್ನು ಕಂಡು ಬರೆದುಕೊಳ್ಳುವುದೂ ಸ್ಥಳಪರೀಕ್ಷೆಗೆ ಸೇರಿದ್ದು.

ಪರೀಕ್ಷೆಯ ಫಲವನ್ನು ಬರೆಯುವ ಪತ್ರಕ್ಕೆ ಇಂಗ್ಲಿಷಿನಲ್ಲಿ ರಿಪೋರ್ಟೆನ್ನುತ್ತಾರೆ. ಕನ್ನಡನಾಡಿನ ಕಂದಾಯ, ಪೊಲೀಸು ಇಲಾಖೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಮಹಜರು ಎಂಬ ಮಾತು ಇದಕ್ಕೆ ಹೆಚ್ಚು ಒಪ್ಪುವಂತೆ ತೋರುತ್ತದೆ. ಏಕೆಂದರೆ ಮಹಜರು ಅಭಿಪ್ರಾಯವನ್ನು ಹೇಳುವುದಿಲ್ಲ, ಇಂಥ ದಿನ ಇಂಥ ಹೊತ್ತಿನಲ್ಲಿ ಇಂಥವರೆದುರಿಗೆ ಸ್ಥಳದಲ್ಲಿ ಕಂಡದ್ದನ್ನು ಹೇಳುತ್ತದೆ. ಅದರಲ್ಲಿ ಪ್ರತಿಯೊಂದು ಬೇಸಿನ ಸ್ಥಾನ, ನೆಲದಿಂದ ಎತ್ತರ, ಯಂತ್ರದ ಜಾತಿ, ಎಲ್ಲೆಯ ಬಿಂದುಗಳಲ್ಲಿ ಕಂಡ ಅಂಕಿ, ಬೇಸಿನಿಂದ ಬೇಸಿಗೆ ಕಂಡ ಅಂಕಿ, ಮುಚ್ಚಿದ ಬಾಗಿಲುಗಳು, ಕಟ್ಟಡವು ಬರಿದಾಗಿತ್ತೇ ಸಾಮಾನು ತುಂಬಿತ್ತೇ ಎಂಬುದು, ಇವಿಷ್ಟೂ ಇರಬೇಕು. ಸಂಕೇತವಿಲ್ಲದ ಸ್ಥಳಗಳನ್ನು ಬೇರೆ ಬಣ್ಣದಿಂದ ತೋರಿಸಿ ಕಚೇರಿಯವರ ರುಜುವನ್ನು ಪಡೆಯಬೇಕು. ಮುಂದೆ ವ್ಯಾಜ್ಯ ಬಂದರೆ ನೆನಪು ನಿಲ್ಲುವುದಿಲ್ಲ, ಇದು ನಿಲ್ಲುತ್ತದೆ.

ಅಳೆದ ಬಿಂದುಗಳ ನಡುವಣ ಪ್ರದೇಶವು ಇಷ್ಟಾದರೂ ಅನುಮಾನವೇ. ಹತ್ತು ಹೆಜ್ಜೆಗೊಂದು ಬಿಂದುವನ್ನಿಟ್ಟವನು ನಡುವಣ ಒಂಬತ್ತನ್ನು ಊಹಿಸಿದ್ದಾನೆ. ಊಹೆಯನ್ನು ಪೂರ್ತಿಯಾಗಿ ತೊಡೆಯುವುದಕ್ಕಾಗುವುದಿಲ್ಲ. ಎಲ್ಲಿ ಊಹೆ, ಎಲ್ಲಿ ಅಳತೆ ಎಂಬುದು ನಕ್ಷೆಯಲ್ಲಿ ಬೇರೆಬೇರೆಯಾಗಿ ತಿಳಿಯುವಂತಿದ್ದರೆ ಸಾಕು. ಬರಿದಾದ ಕಟ್ಟಡದಲ್ಲಿ ಬರೆದ ಮಹಜರು ಸಾಮಾನು ಬಂದ ಮೇಲೆ ಅರ್ಧ ಮಾತ್ರ ನಿಜ. ಉಕ್ಕಿನ ಬೀರುಗಳ ಸಾಲೊಂದು ಮಧ್ಯದಲ್ಲಿ ಎದ್ದರೆ, ಕಿಟಕಿಗಾಜನ್ನು ಬದಲಾಯಿಸಿದರೆ, ಕಡತಗಳ ಕೋಣೆಯನ್ನು ಮೊಗಸಾಲೆಯ ಇನ್ನೊಂದು ತುದಿಗೆ ಸಾಗಿಸಿದರೆ, ಆ ಪಾರ್ಶ್ವವನ್ನು ಮತ್ತೆ ನಡೆಯಬೇಕು, ಕಟ್ಟಡವನ್ನೆಲ್ಲ ನಡೆಯಬೇಕಾಗಿಲ್ಲ. ಬೇಸುಗಳನ್ನು ಗೋಡೆಗೆ ತಗುಲಿಸಿದ ಬಳಿಕ ನಡೆಯಿಸುವ ಕೊನೆಯ ಸುತ್ತನ್ನು ಕಚೇರಿ ಮುಗಿದ ಮೇಲೆ, ಬಾಗಿಲುಗಳನ್ನೆಲ್ಲ ಮುಚ್ಚಿ, ರಾತ್ರಿಯ ಕಾವಲುಗಾರನನ್ನು ಜೊತೆಯಲ್ಲಿ ಕರೆದುಕೊಂಡು, ಅವನ ಹ್ಯಾಂಡ್‌ಸೆಟ್ಟಿನಿಂದಲೇ, ಅವನು ಸುತ್ತುವ ದಾರಿಯಲ್ಲಿಯೇ ಮಾಡತಕ್ಕದ್ದು. ಜನರೇಟರು ಕೋಣೆಯಲ್ಲಿ ಹ್ಯಾಂಡ್‌ಸೆಟ್ಟನ್ನು ನೆಲದ ಮೇಲಿಟ್ಟೂ ಒಮ್ಮೆ ಅಳೆಯಬೇಕು.